ಸಾವಿರದ ನಾನೂರು ಮೀಟರಿನ ಲೆಕ್ಕ

ಕಳೆದ ಜುಲೈಯ ಒಂದು ಸಂಜೆ ಗೋವಾದ ದಾಬೋಲಿಂನಿಂದ ಹೊರಟು ಮುಂಬೈಯಲ್ಲಿ ಇಳಿದಾಗ, ಹಿಂದಿನ ಸೀಟಿನಲ್ಲಿದ್ದ ನಮ್ಮ ಯಜಮಾನರು, ಎಂದರೆ ನಾನು ಹಾರಿಸುವ ವಿಮಾನದ ಒಡೆಯರು, ಮೆಟ್ಟಿಲಿಳಿಯುತ್ತ, ಇವತ್ತು ವಿಮಾನ ಸ್ವಲ್ಪ ಜೋರಾಗಿಯೇ ಕೂತಿತಲ್ಲ ಎಂದು ಕೊಡೆಯ ಕೆಳಗಿನಿಂದಲೇ ಕೇಳಿದರು. ನಾನು ನಕ್ಕು ಸುಮ್ಮನಾದೆ. ಅದು ಕೈತಪ್ಪಿ ಜೋರಾದದ್ದಲ್ಲ, ರನ್‌ವೇ ಮೇಲೆ ನೀರು ನಿಂತಿದ್ದರಿಂದ ನಾನು ಬೇಕೆಂದೇ ಹಾಗೆ ಇಳಿಸಿದ್ದು ಎಂಬುದನ್ನು ಮಳೆಯಲ್ಲಿ ನಿಂತು ವಿವರಿಸುವುದು ಸಾಧ್ಯವಿರಲಿಲ್ಲ. ಕಾರು ಹತ್ತುವ ಮೊದಲು ಅವರು ಇನ್ನೊಂದು ಮಾತು ಕೇಳಿದರು: ಘಟ್ಟದ ಮೇಲೆ, ಅವರ ಹೊಸ ಕಾರ್ಖಾನೆಯ ಹತ್ತಿರ, 1,400 ಮೀಟರಿನ ಒಂದು ರನ್‌ವೇ ಇದೆ; ಪುಣೆಯಲ್ಲಿ ಇಳಿದು ಮೂರು ಗಂಟೆ ಕಾರಿನಲ್ಲಿ ಹೋಗುವ ಬದಲು ನೇರವಾಗಿ ಅಲ್ಲಿಯೇ ಇಳಿಯಬಹುದೇ?

ನಮ್ಮದು ಎರಡು ಇಂಜಿನ್ನಿನ ಪುಟ್ಟ ಜೆಟ್, ಸೈಟೇಶನ್ ಸಿಜೆ ಸರಣಿಯದು. ಅದರ ಕೈಪಿಡಿಯನ್ನು ತೆರೆದು ನೋಡಿದರೆ, ಆ ಎತ್ತರಕ್ಕೆ, ನಾವು ಸಾಮಾನ್ಯವಾಗಿ ಇಳಿಯುವ ತೂಕಕ್ಕೆ, ಒಣ ರನ್‌ವೇ ಮೇಲೆ ಬೇಕಾದ ದೂರ ಸುಮಾರು 950 ಮೀಟರ್ ಎಂದು ಬರುತ್ತದೆ. 1,400ರಲ್ಲಿ 950 ಕಳೆದರೆ 450 ಉಳಿಯಿತು. ಯಜಮಾನರು ಲೆಕ್ಕದಲ್ಲಿ ಗಟ್ಟಿಗರು. ಈ ಕಳೆಯುವ ಲೆಕ್ಕವನ್ನು ಅವರೇ ಮಾಡಿಕೊಂಡು ಬಂದಿದ್ದರೆಂದು ನನಗೆ ಅನುಮಾನ.

ಭಾನುವಾರ ಬೆಳಿಗ್ಗೆ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ನಾವು ಮೂವರು ಸೇರುವ ವಾಡಿಕೆ ಇದೆ. ಒಬ್ಬರು ವಾಯುಪಡೆಯಿಂದ ನಿವೃತ್ತರಾದ ಉಡುಪಿ ಕಡೆಯ ಹಿರಿಯರು, ಒಂದು ಕಾಲದಲ್ಲಿ ಬೀದರಿನಲ್ಲಿ ಹುಡುಗರಿಗೆ ಕಿರಣ್ ವಿಮಾನ ಹಾರಿಸಲು ಕಲಿಸಿದವರು, ಆಮೇಲೆ ಬಹಳ ವರ್ಷ ಖಾಸಗಿ ಜೆಟ್ಟುಗಳನ್ನು ಹಾರಿಸಿದವರು. ನಾವು ಅವರನ್ನು ರಾಯರೆಂದೇ ಕರೆಯುತ್ತೇವೆ. ಇನ್ನೊಬ್ಬ ನನ್ನ ಕೋ-ಪೈಲಟ್, ಧಾರವಾಡದ ಹುಡುಗ. ಇಡ್ಲಿ ಬರುವ ಮೊದಲೇ ನಾನು ಯಜಮಾನರ ಪ್ರಶ್ನೆಯನ್ನು ಮುಂದಿಟ್ಟೆ.

"ನಾನೂರೈವತ್ತು ಮೀಟರ್ ಉಳೀತದಲ್ರಿ ಸರ, ಅದೇನ್ ಕಡಿಮಿ ಆತೇನ್ರಿ?" ಎಂದ ಹುಡುಗ.

ರಾಯರು ಉತ್ತರ ಹೇಳದೆ, ನಿನ್ನ ವಿ-ರೆಫ್ ಎಷ್ಟು ಎಂದು ಅವನನ್ನೇ ಕೇಳಿದರು. ವಿ-ರೆಫ್ ಎಂದರೆ ಇಳಿಯುವಾಗ ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ ದಾಟುವ ವೇಗ. ವಿಮಾನವು ಆ ತೂಕದಲ್ಲಿ, ಇಳಿಯುವ ಸ್ಥಿತಿಯಲ್ಲಿ, ಯಾವ ವೇಗಕ್ಕಿಂತ ಕೆಳಗೆ ಹೋದರೆ ರೆಕ್ಕೆ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಯೋ ಅದರ 1.3 ಪಟ್ಟು. ಹುಡುಗ 105 ನಾಟ್ ಎಂದ. "ಅಂದರೆ ಸೆಕೆಂಡಿಗೆ 54 ಮೀಟರ್. ನೆಲದಿಂದ ಎರಡಡಿ ಮೇಲೆ ಚೆಂದವಾಗಿ ಕೂರಿಸಬೇಕೂಂತ ಐದು ಸೆಕೆಂಡು ತೇಲಿದೆಯೋ, ನಿನ್ನ ನಾನೂರೈವತ್ತರಲ್ಲಿ ಇನ್ನೂರ ಎಪ್ಪತ್ತು ಅಲ್ಲೇ ಹೋಯಿತು ಮಾರಾಯ. ಬ್ರೇಕ್ ಇನ್ನೂ ಒತ್ತಿಯೇ ಇಲ್ಲ."

ಕೈಪಿಡಿಯ ಅಂಕಿ ಎಲ್ಲಿಂದ ಬಂತೆಂಬುದು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ವಿಮಾನಕ್ಕೆ ಪ್ರಮಾಣಪತ್ರ ಪಡೆಯುವಾಗ ತಯಾರಕರ ಪರೀಕ್ಷಾ ಪೈಲಟ್, ಒಣಗಿದ ರನ್‌ವೇ ಮೇಲೆ, ಸರಿಯಾಗಿ 50 ಅಡಿಯಲ್ಲಿ, ಸರಿಯಾಗಿ ವಿ-ರೆಫ್‌ನಲ್ಲಿ ಅಂಚು ದಾಟಿ, ತೇಲದೆ ಚಕ್ರಗಳನ್ನು ನೆಲಕ್ಕೆ ಊರಿ, ತಕ್ಷಣ ಪೂರ್ತಿ ಬ್ರೇಕ್ ಒತ್ತಿ ತೋರಿಸಿದ ದೂರವದು. ಅದು ಸುಳ್ಳಲ್ಲ, ಆದರೆ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುವ ನಮ್ಮಂಥವರ ಸಂಜೆಯ ಲ್ಯಾಂಡಿಂಗಿನ ದೂರವೂ ಅಲ್ಲ. ಆದುದರಿಂದಲೇ ಅಮೆರಿಕ, ಯುರೋಪುಗಳ ನಿಯಮಗಳಲ್ಲಿ ಬಾಡಿಗೆಗೆ ಹಾರುವ ಜೆಟ್ ವಿಮಾನವು, ಸಾಮಾನ್ಯವಾಗಿ, ಇರುವ ರನ್‌ವೇಯ ಶೇಕಡಾ 60ರೊಳಗೆ ಇಳಿದು ನಿಲ್ಲುವಂತಿರಬೇಕು. ರನ್‌ವೇ ಒದ್ದೆಯಾಗಿರುವ ಸಂಭವವಿದ್ದರೆ, ಹಾಗೆ ಬೇಕಾಗುವ ರನ್‌ವೇಯ ಉದ್ದಕ್ಕೆ ಇನ್ನೂ ಶೇಕಡಾ 15 ಸೇರಿಸಬೇಕು. ಸ್ವಂತ ವಿಮಾನದಲ್ಲಿ ಸ್ವಂತ ಕೆಲಸಕ್ಕೆ ಹೋಗುವವರಿಗೆ ಅಮೆರಿಕದ ನಿಯಮ ಈ ಕಟ್ಟುಪಾಡನ್ನು ಹಾಕುವುದಿಲ್ಲ. ಇದು ನನಗೆ ಎಂದೂ ಅರ್ಥವಾಗದ ಸಂಗತಿ: ಬಾಡಿಗೆ ಕೊಟ್ಟವನಿಗೆ ಬೇಕಾದ ಬ್ರೇಕಿನ ದೂರ ಬೇರೆ, ಯಜಮಾನನಿಗೆ ಬೇಕಾದದ್ದು ಬೇರೆ ಎಂದು ಚಕ್ರಗಳಿಗೆ ತಿಳಿಸುವುದು ಹೇಗೆ?

ನಮ್ಮ ರನ್‌ವೇಗೆ ಈ ಲೆಕ್ಕ ಹಾಕಿದರೆ 1,400ರ ಶೇಕಡಾ 60 ಎಂದರೆ 840 ಮೀಟರ್. ಒದ್ದೆಯಾದರೆ ಸುಮಾರು 730. ಕೈಪಿಡಿಯ 950 ಎರಡರಲ್ಲಿಯೂ ಹಿಡಿಸುವುದಿಲ್ಲ.

ದೂರವನ್ನು ತಿನ್ನುವ ಸಂಗತಿಗಳಲ್ಲಿ ವೇಗವೇ ಮೊದಲನೆಯದು, ಏಕೆಂದರೆ ಬ್ರೇಕುಗಳು ನುಂಗಬೇಕಾದ ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 105ರ ಬದಲು 115 ನಾಟ್‌ನಲ್ಲಿ ಬಂದರೆ ಬ್ರೇಕಿನ ಕೆಲಸ ಶೇಕಡಾ 20ರಷ್ಟು ಹೆಚ್ಚುತ್ತದೆ. ಎತ್ತರದ ಲೆಕ್ಕವೂ ಅಷ್ಟೇ ನಿಷ್ಠುರವಾದದ್ದು: 3 ಡಿಗ್ರಿ ಇಳಿಜಾರಿನಲ್ಲಿ ಬರುವಾಗ ಅಂಚನ್ನು 10 ಅಡಿ ಹೆಚ್ಚು ಎತ್ತರದಲ್ಲಿ ದಾಟಿದರೆ ಚಕ್ರ ಮುಟ್ಟುವ ಜಾಗ ಸುಮಾರು 60 ಮೀಟರ್ ಮುಂದಕ್ಕೆ ಹೋಗುತ್ತದೆ. ಇದರ ಜೊತೆಗೆ ಘಟ್ಟದ ಮೇಲಿನ ಬಿಸಿ. ಪುಣೆಯ ಲೋಹಗಾಂವ್ ಸಮುದ್ರಮಟ್ಟದಿಂದ ಸುಮಾರು 592 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳ 40 ಡಿಗ್ರಿ ಮಧ್ಯಾಹ್ನದಲ್ಲಿ ಅಲ್ಲಿನ ಗಾಳಿ 5,400 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಮೀಟರು ಅದೇ 105 ನಾಟ್ ತೋರಿಸುತ್ತಿದ್ದರೂ ನೆಲದ ಮೇಲೆ ವಿಮಾನ ಶೇಕಡಾ 8ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ, ಬ್ರೇಕಿಗೆ ಶೇಕಡಾ 17ರಷ್ಟು ಹೆಚ್ಚು ಕೆಲಸ ಬೀಳುತ್ತದೆ. ಯಜಮಾನರ ರನ್‌ವೇ ಇರುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ.

ಇಷ್ಟರಲ್ಲಿ ಮಾಣಿ ಮೇಜು ಒರೆಸಿ, ಒದ್ದೆ ಇನ್ನೂ ಇರುವಾಗಲೇ ಕಾಫಿ ತಂದಿಟ್ಟ. ಬಿಸಿ ಲೋಟದ ತಳದಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ, ಯಾರೂ ಮುಟ್ಟದೆ, ಲೋಟ ತಾನೇ ಒಂದು ಗೇಣು ಜಾರಿ ರಾಯರ ಕನ್ನಡಕದ ಹತ್ತಿರ ನಿಂತಿತು. ರಾಯರಿಗೆ ಪಾಠ ಮಾಡಲು ಅಷ್ಟು ಸಾಕಾಯಿತು. ರನ್‌ವೇ ಮೇಲೆ ಟೈರಿನ ಕೆಳಗೆ ಸೇರುವುದು ಗಾಳಿಯಲ್ಲ, ನೀರು. ವೇಗ ಸಾಕಷ್ಟಿದ್ದರೆ ಟೈರು ನೆಲವನ್ನೇ ಮುಟ್ಟದೆ ನೀರಿನ ಮೇಲೆ ತೇಲುತ್ತದೆ. ಉರುಳುತ್ತಿರುವ ಟೈರಿನ ಒತ್ತಡವನ್ನು ಪಿಎಸ್‌ಐಯಲ್ಲಿ, ಎಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಅಳತೆಯಲ್ಲಿ, ತೆಗೆದುಕೊಂಡು, ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ಹಾಗೆ ತೇಲತೊಡಗುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಒತ್ತಡ 100 ಇದ್ದರೆ 90 ನಾಟ್. ಅಂದರೆ ನಮ್ಮಂಥ ಪುಟ್ಟ ಜೆಟ್ ನೆಲ ಮುಟ್ಟಿದ ಮೊದಲ ಕ್ಷಣಗಳಲ್ಲಿ, ಬ್ರೇಕ್ ಅತಿ ಹೆಚ್ಚು ಬೇಕಾದಾಗ, ಟೈರು ತೇಲುವ ವೇಗದಲ್ಲಿಯೇ ಇರುತ್ತದೆ. ದೊಡ್ಡ ವಿಮಾನಗಳಿಗೆ ಆಗ ಇಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ತಡೆಯುವ ಥ್ರಸ್ಟ್ ರಿವರ್ಸರ್ ನೆರವಾಗುತ್ತದೆ. ತೂಕ ಉಳಿಸಬೇಕೆಂದು ಸಿಜೆಯಂಥ ವಿಮಾನಗಳಲ್ಲಿ ಅದನ್ನು ಇಟ್ಟಿಲ್ಲ. ನಮಗಿರುವುದು ನೆಲ ಮುಟ್ಟಿದ ಮೇಲೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಹಲಗೆಯನ್ನು ಇನ್ನಷ್ಟು ಇಳಿಸಿ, ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಹಲಗೆಗಳನ್ನು ಎಬ್ಬಿಸಿ, ರೆಕ್ಕೆಯ ಎತ್ತುವ ಶಕ್ತಿಯನ್ನು ಕೊಂದು ತೂಕವನ್ನೆಲ್ಲ ಚಕ್ರದ ಮೇಲೆ ಹೊರಿಸುವ ಉಪಾಯ ಮಾತ್ರ. ಹಾಗಾಗಿಯೇ ನೀರನ್ನು ಸೀಳಿ ನೆಲ ತಲುಪುವಷ್ಟು ಗಟ್ಟಿಯಾಗಿ ಚಕ್ರ ಊರಬೇಕು. ಯಜಮಾನರಿಗೆ ಅಂದು ಸೊಂಟಕ್ಕೆ ತಾಗಿದ್ದು ಅದೇ.

ಹುಡುಗನಿಗೆ ಈ ವಿಷಯದಲ್ಲಿ ಗೋವಾದ ನೌಕಾಪಡೆಯವರ ಮೇಲೆ ಬಹಳ ಪ್ರೀತಿ. ದಾಬೋಲಿಂನಲ್ಲಿ ನಾಗರಿಕ ವಿಮಾನಗಳು ಇಳಿಯುವುದು ಐಎನ್‌ಎಸ್ ಹಂಸ ಎಂಬ ನೌಕಾನೆಲೆಯ ರನ್‌ವೇಯಲ್ಲಿಯೇ. ಹಡಗಿನ ಡೆಕ್ಕಿನ ಮೇಲೆ ತಂತಿಗೆ ಕೊಕ್ಕೆ ಸಿಕ್ಕಿಸಿ ಇಳಿಯುವುದನ್ನು ನೆಲದ ಮೇಲೆಯೇ ಅಭ್ಯಾಸ ಮಾಡುವ ವ್ಯವಸ್ಥೆ ಆ ನೆಲೆಯಲ್ಲಿದೆ, ನೌಕಾಪಡೆಯ ತೇಜಸ್ 2019ರ ಸೆಪ್ಟೆಂಬರ್ 13ರಂದು ಮೊದಲು ಹಾಗೆ ಇಳಿದದ್ದು ಅಲ್ಲಿಯೇ. ಅವರು ಕೊನೆಯ ಗಳಿಗೆಯಲ್ಲಿ ಮೂಗು ಎತ್ತಿ ಮೆಲ್ಲಗೆ ಕೂರಿಸುವ ಗೋಜಿಗೇ ಹೋಗುವುದಿಲ್ಲ. ನಮ್ಮ ಜೆಟ್ಟಿನ ಕಾಲುಗಳು ಅಷ್ಟನ್ನು ತಾಳವು, ಆದರೆ ದಿಕ್ಕು ಅದೇ.

ಉದ್ದದ ರನ್‌ವೇ ಇದ್ದರೆ ಚಿಂತೆಯಿಲ್ಲ ಎಂದೂ ಹೇಳಲಾಗದು. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಒಂದು ಲಿಯರ್‌ಜೆಟ್ 45, ಭಾರಿ ಮಳೆಯಲ್ಲಿ, 700 ಮೀಟರಿನಷ್ಟೇ ಕಾಣುತ್ತಿದ್ದಾಗ, ಮುಂಬೈಯ 3,400 ಮೀಟರಿಗೂ ಮಿಕ್ಕಿದ ಮುಖ್ಯ ರನ್‌ವೇಯಿಂದ ಪಕ್ಕಕ್ಕೆ ಸರಿದು ಮುರಿದುಬಿತ್ತು. ಒಳಗಿದ್ದ ಎಂಟು ಮಂದಿಯೂ ಬದುಕಿದರು. ಇದಕ್ಕೆ ಪೂರ್ತಿ ವಿರುದ್ಧವಾದ ಸಂಗತಿ ಪಕ್ಕದ ಜುಹುವಿನಲ್ಲಿ ನಡೆದದ್ದು: 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8, ಮುಂಬೈಯ ಮುಖ್ಯ ವಿಮಾನನಿಲ್ದಾಣವಾದ ಸಾಂತಾಕ್ರೂಜ್ ಎಂದು ತಿಳಿದು ಜುಹುವಿನ ಪುಟ್ಟ ರನ್‌ವೇಯಲ್ಲಿ ಇಳಿದು ಅದರ ಕೊನೆಯನ್ನೂ ದಾಟಿ ಹೋಯಿತು. ಜುಹು ಎಂದರೆ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ತಂದ ನೆಲ. ಅಲ್ಲಿಂದ ಆ ಚೀಲಗಳು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಹೋದವು. ಮಳೆಗಾಲದಲ್ಲಿ ಜುಹು ಕೆಸರಾಗುತ್ತಿದ್ದುದರಿಂದ ಅವರು ಹಾರಾಟವನ್ನೇ ಪುಣೆಗೆ ಸಾಗಿಸುತ್ತಿದ್ದರು. ರಾಯರು ಈ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ, ನಾವು ಮೊದಲ ಸಲ ಕೇಳಿದಂತೆ ಕೇಳುತ್ತೇವೆ.

ಪುಟ್ಟ ಜೆಟ್ಟುಗಳ ಮಟ್ಟಿಗೆ ನಾನು ಮತ್ತೆ ಮತ್ತೆ ಓದಿರುವುದು ಇಂಗ್ಲೆಂಡಿನ ಬ್ಲ್ಯಾಕ್‌ಬುಶ್ ಅಪಘಾತದ ವರದಿ. 2015ರ ಜುಲೈ 31ರಂದು ಒಂದು ಫಿನಾಮ್ 300, ಇಳಿಯಲು 1,059 ಮೀಟರಿದ್ದ ಆ ರನ್‌ವೇಯ ಅಂಚನ್ನು, 108 ನಾಟ್‌ನಲ್ಲಿ ದಾಟಬೇಕಾದಲ್ಲಿ 151 ನಾಟ್‌ನಲ್ಲಿ ದಾಟಿತು. ಚಕ್ರ ಮುಟ್ಟಿದ್ದು ಅಂಚಿನಿಂದ 710 ಮೀಟರ್ ಮುಂದೆ. ನಾಲ್ವರೂ ಸತ್ತರು. ದಾರಿಯಲ್ಲಿ ಬೇರೆ ವಿಮಾನಗಳು ಅಡ್ಡ ಬಂದಿದ್ದರಿಂದ ಪೈಲಟ್ ಮೇಲೇರಿ ತಪ್ಪಿಸಿಕೊಂಡು, ಆ ಹೆಚ್ಚಿನ ಎತ್ತರವನ್ನು ಕಳೆಯಲು ಕಡಿದಾಗಿ ಇಳಿದು, ಕೊನೆಯ ಮೂರುವರೆ ನಿಮಿಷದಲ್ಲಿ ಎಚ್ಚರಿಕೆಯ ಧ್ವನಿಗಳ ಸುರಿಮಳೆಯನ್ನೇ ಕೇಳಿದ್ದ. ಅಷ್ಟು ಸದ್ದಿನ ನಡುವೆ ಇಳಿಯಬೇಕು ಎಂಬ ಒಂದೇ ಯೋಚನೆ ಅವನಲ್ಲಿ ಉಳಿದಿತ್ತೆಂದು ತೋರುತ್ತದೆ.

ಅದನ್ನು ಓದುವಾಗ ನನಗೆ ನನ್ನದೇ ಒಂದು ದಿನ ನೆನಪಾಗುತ್ತದೆ. ನಾನಿನ್ನೂ ಕೋ-ಪೈಲಟ್ ಆಗಿದ್ದೆ. ಒಳನಾಡಿನ ಒಂದು ಸಣ್ಣ ರನ್‌ವೇ. ಹಿಂದಿನಿಂದ ಏಳೆಂಟು ನಾಟ್ ಗಾಳಿ. ಕ್ಯಾಪ್ಟನ್ ನನಗಿಂತ ಇಪ್ಪತ್ತು ವರ್ಷ ಹಿರಿಯರು. ನಾವು ವಿ-ರೆಫ್‌ಗಿಂತ 12 ನಾಟ್ ಹೆಚ್ಚಿದ್ದೆವು. ಗುರಿಯ ಬಿಳಿ ಪಟ್ಟಿಗಳು ನಮ್ಮ ಕೆಳಗೆ ಹಾದುಹೋದದ್ದನ್ನು ಕಂಡೆ, ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದೆ, "ಗೋ-ಅರೌಂಡ್" (ಇಳಿಯದೆ ಮತ್ತೆ ಮೇಲೇರೋಣ) ಎಂಬ ಮಾತು ಗಂಟಲಲ್ಲಿಯೇ ನಿಂತಿತು. ಕೊನೆಗೆ ನಿಂತಾಗ ಮುಂದೆ ಉಳಿದಿದ್ದ ಡಾಂಬರು ಎಷ್ಟು ಎಂದು ನಾನು ಅಳೆಯಲಿಲ್ಲ. ಕಿಟಕಿಯಿಂದ ಬೇಲಿಯಾಚೆಯ ಎಮ್ಮೆಯ ಕೊರಳ ಹಗ್ಗ ಕಾಣುತ್ತಿತ್ತು. ಪ್ರಯಾಣಿಕರು ಇಳಿದು, ಲ್ಯಾಂಡಿಂಗ್ ಬೆಣ್ಣೆಯ ಹಾಗಿತ್ತೆಂದು ಹೊಗಳಿ, ಕಾರು ಹತ್ತಿ ಹೋದರು. ಇಪ್ಪತ್ತು ನಿಮಿಷದ ಮೇಲೆ ಬ್ರೇಕಿನ ಕಾವು ಚಕ್ರಕ್ಕೆ ಏರಿ, ಟೈರು ಸಿಡಿಯದಿರಲೆಂದು ಚಕ್ರದಲ್ಲಿ ಇಟ್ಟಿರುವ ಬಿರಡೆ ಕರಗಿ, ನಿಂತಲ್ಲೇ ಎಡಗಡೆಯ ಟೈರು ಉಸ್ಸೆಂದು ಇಳಿಯಿತು. ನಾವಿಬ್ಬರೂ ಅದನ್ನು ನೋಡುತ್ತ ನಿಂತೆವು, ಮಾತಾಡಲಿಲ್ಲ.

ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು ಕೋ-ಪೈಲಟ್ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದರು. ವಿಮಾನ ಆದರೂ ಇಳಿಯಿತು, ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಮುಂದೆ. 158 ಮಂದಿ ಸತ್ತರು. ಕರಾವಳಿಯವರಾದ ರಾಯರು ಈ ಪ್ರಸ್ತಾಪ ಬಂದಾಗ ದನಿ ತಗ್ಗಿಸುತ್ತಾರೆ. ಅಂದು ಅವರು ಹುಡುಗನಿಗೆ ಹೇಳಿದ್ದಿಷ್ಟು: "ನಿನ್ನ ಕ್ಯಾಪ್ಟನ್ ಇವನೇ ಇರಲಿ, ನಾನೇ ಇರಲಿ. ಎಲ್ಲಿಯೊಳಗೆ ಚಕ್ರ ಮುಟ್ಟದಿದ್ದರೆ ಮೇಲೇಳಬೇಕು ಅಂತ ಹೊರಡುವ ಮೊದಲೇ ಕಾಗದದ ಮೇಲೆ ಬರಿ. ಅಲ್ಲಿ ಹೋಗಿ ಆಲೋಚನೆ ಮಾಡ್ತೇನೆ ಅಂದರೆ ಆಗುವುದಿಲ್ಲ."

ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿಯೇ ನಾವು ಯಜಮಾನರಿಗೆ ಉತ್ತರ ಬರೆದೆವು. ಇಬ್ಬರೇ ಪ್ರಯಾಣಿಕರು, ಹಿಂದಿರುಗಿ ಪುಣೆ ತಲುಪುವಷ್ಟು ಮತ್ತು ನಿಯಮದ ಮೀಸಲಿನಷ್ಟೇ ಇಂಧನ, ಚಳಿಗಾಲದ ಬೆಳಗಿನ ಹೊತ್ತು, ಒಣ ರನ್‌ವೇ, ಎದುರುಗಾಳಿ: ಇಷ್ಟೂ ಕೂಡಿದರೆ ಕೈಪಿಡಿಯ ದೂರ 830 ಮೀಟರಿಗೆ ಇಳಿಯುತ್ತದೆ, 840ರೊಳಗೆ ಬರುತ್ತದೆ. ಹಿಂಗಾಳಿ ಇದ್ದರೆ ಇಲ್ಲ. ಅಂಚಿನಿಂದ 400 ಮೀಟರಿನೊಳಗೆ ಚಕ್ರ ಮುಟ್ಟದಿದ್ದರೆ ಮತ್ತೆ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಶ್ನೆಯೇ ಇಲ್ಲ, ಲೋಹಗಾಂವ್ ಮತ್ತು ಕಾರು.

ಸೋಮವಾರ ಅದನ್ನು ಟೈಪ್ ಮಾಡಿ ಕಳಿಸಿದೆ. ಯಜಮಾನರು ಸಂಜೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: ಇಬ್ಬರೇ ಎಂದರೆ ತಮ್ಮನ್ನು ಸೇರಿಸಿ ಇಬ್ಬರೋ, ಬಿಟ್ಟು ಇಬ್ಬರೋ? ಸೇರಿಸಿ, ಎಂದೆ.