ಓಸ್ಲೋ ಚಳಿಗೆ ಎಲೆಕ್ಟ್ರಿಕ್ ಕಾರಿನ ಟೈರ್

ಓಸ್ಲೋದಲ್ಲಿ ಎಲೆಕ್ಟ್ರಿಕ್ ಕಾರಿಗೆ ಚಳಿಗಾಲದ ಟೈರ್ ಹುಡುಕುತ್ತಿದ್ದರೆ ಮೊದಲು ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ತಡೆಯುತ್ತದೆ ಅಂತ ಹೇಳುವ ಸಂಖ್ಯೆ ನೋಡಿ. ಬ್ಯಾಟರಿಯಿಂದಾಗಿ ಈ ಕಾರುಗಳು ತುಂಬಾ ಭಾರ, ಕಾರಿನ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಭಾರ ತಡೆಯುವ ಟೈರ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಆಮೇಲೆ, ಮಂಜುಗಡ್ಡೆಯಲ್ಲಿ ಹಿಡಿತಕ್ಕೆ ಲೋಹದ ಮೊಳೆ ಇರುವ ಟೈರೋ, ಇಲ್ಲದ್ದೋ? ಮೊಳೆ ಟೈರ್ ಹಾಕಿದರೆ ನಗರದಲ್ಲಿ ಓಡಿಸಲು ಬೇರೆ ಶುಲ್ಕ ಕಟ್ಟಬೇಕು, ಡಾಂಬರು ಸವೆದು ಧೂಳೂ ಏಳುತ್ತದೆ, ಎಂಜಿನ್ ಸದ್ದೇ ಇಲ್ಲದ ಕಾರಿನಲ್ಲಿ ಅದರ ಗಲಾಟೆ ಜಾಸ್ತಿ ಕೇಳಿಸುತ್ತದೆ. ಅದಕ್ಕೇ ನಾನು ಮೊಳೆ ಇಲ್ಲದ, ಮೆತ್ತನೆ ರಬ್ಬರಿನ ನಾರ್ಡಿಕ್ ಟೈರ್ ಹಾಕಿಸಿದ್ದೇನೆ. ದಿನಾ ಬೆಟ್ಟದ ಮಂಜುಗಡ್ಡೆ ರಸ್ತೆಯಲ್ಲಿ ಓಡಾಡುವವರಿಗೆ ಮೊಳೆಯೇ ಸರಿ.

ಚಳಿಗಾಲದ ಟೈರ್ ಹಾಕಿದರೆ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಸ್ವಲ್ಪ ಇಳಿಯಬಹುದು, ಇಳಿಯಲಿ. ಬ್ರೇಕ್ ಒತ್ತಿದಾಗ ಕಾರು ನಿಲ್ಲಬೇಕು ಅಲ್ವಾ? ಚಳಿಗಾಲದಲ್ಲಿ ಟ್ರೆಡ್, ಅಂದರೆ ಟೈರಿನ ಮೇಲಿನ ಗೀರುಗಳ ಆಳ, ಕನಿಷ್ಠ 3 ಮಿ.ಮೀ. ಇರಬೇಕು ಅಂತ ಇಲ್ಲಿ ಕಾನೂನೇ ಇದೆ. ಭಾರದ ಕಾರಿನ ಟೈರ್ ಬೇಗ ಸವೆಯುತ್ತದೆ, ಹಿಮ ಬೀಳುವ ಮೊದಲೇ ಅಳೆದು ನೋಡಿ.