ರಾತ್ರಿ ಆ ದಿಂಬೆಲ್ಲಾ ಎಲ್ಲಿ ಇಡ್ತೀರಿ?

ಮಂಚದ ಮೇಲೆ ಎಷ್ಟು ದಿಂಬು ಇಟ್ಟರೆ ಚೆಂದ ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ನಾನು ತಿರುಗಿ ಕೇಳೋದು ಒಂದೇ ಮಾತು. ರಾತ್ರಿ ಮಲಗುವಾಗ ಅವನ್ನೆಲ್ಲಾ ಎಲ್ಲಿ ಇಡ್ತೀಯಾ? ಇದಕ್ಕೆ ಉತ್ತರ ಸಿಕ್ಕರೆ ಎಷ್ಟು ದಿಂಬು ಅನ್ನೋ ಲೆಕ್ಕ ತಾನಾಗಿಯೇ ಸಿಗುತ್ತದೆ. ಜಾಗ ಇಲ್ಲದಿದ್ದರೆ ಕುಶನ್‌ಗಳು ನೆಲಕ್ಕೆ ಹೋಗುತ್ತವೆ, ನೆಲದ ಧೂಳು, ಉದುರಿದ ಕೂದಲು ಎಲ್ಲಾ ಅಂಟಿಸಿಕೊಂಡು ಬೆಳಿಗ್ಗೆ ಮತ್ತೆ ನಾವು ಮುಖ ಇಟ್ಟು ಮಲಗುವ ಜಾಗಕ್ಕೇ ಬರುತ್ತವೆ. ಅದು ನನಗೆ ಸ್ವಲ್ಪವೂ ಆಗದ ವಿಷಯ.

ಈ ಪ್ರಶ್ನೆ ನನ್ನದಲ್ಲ, ನಮ್ಮ ಅವ್ವಂದು. ಧಾರವಾಡದಿಂದ ಬೆಂಗಳೂರಿಗೆ ಬಂದಾಗ ನಮ್ಮ ರೂಮು ನೋಡಿ ಅವಳು ಮೊದಲು ಕೇಳಿದ್ದೇ ಅದು. "ಚಂದ ಅದಾವ ಬಿಡವಾ. ಆದ್ರ ರಾತ್ರಿ ಎಲ್ಲಿ ಇಡ್ತಿ ಇವನ್ನ?" "ಬುಟ್ಟ್ಯಾಗ ಇಡ್ತೀನವ್ವಾ" ಅಂದೆ. ಬುಟ್ಟಿ ಎಲ್ಲಿದೆ, ಎಷ್ಟು ಹಿಡಿಯುತ್ತದೆ ಅಂತ ನೋಡಿದ ಮೇಲೇ ಅವಳಿಗೆ ಸಮಾಧಾನ. ಕಿಟಕಿ ಕೆಳಗೆ ಒಂದು ದೊಡ್ಡ ಬಿದಿರಿನ ಬುಟ್ಟಿ ಇಟ್ಟಿದ್ದೇನೆ. ಅದರಲ್ಲಿ ಮೂರು ಕುಶನ್ ಹಿಡಿಯುತ್ತವೆ. ಹಾಗಾಗಿ ನಮ್ಮ ಮಂಚದ ಮೇಲೆ ಮೂರೇ ಕುಶನ್. ನಾಲ್ಕನೆಯದು ಎಷ್ಟು ಚೆನ್ನಾಗಿದ್ದರೂ ಹಾಲಿನ ಸೋಫಾಗೆ ಹೋಗುತ್ತದೆ.

ಆನ್‌ಲೈನಲ್ಲಿ ಕಾಣುವ ಫೋಟೊ ನೋಡಿ ದಿಂಬು ಕೊಳ್ಳುವವರಿಗೆ ಒಂದು ಮಾತು. ಆ ಫೋಟೊಗಳಲ್ಲಿ ತುಂಬಾ ಕಾಣುವ ಅಮೆರಿಕದ ಕಿಂಗ್ ಮಂಚ 76 ಇಂಚು ಅಗಲ. ಅವರ ಕಿಂಗ್ ದಿಂಬು 36 ಇಂಚು ಉದ್ದ. ಎರಡು ಇಟ್ಟರೆ ಮಂಚ ತುಂಬಿತು. ನಮ್ಮಲ್ಲಿ ಕಿಂಗ್ ಅಂದರೆ ಸಾಮಾನ್ಯವಾಗಿ 72 ಇಂಚು, ಕ್ವೀನ್ ಅಂದರೆ 60. ಅಂಗಡಿಯಲ್ಲಿ ಜಾಸ್ತಿ ಸಿಗುವ ದಿಂಬು 17 ಇಂಚು ಅಗಲ, 27 ಇಂಚು ಉದ್ದ. ಕ್ವೀನ್ ಮಂಚದಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟರೆ 54 ಇಂಚು, ಉಳಿದದ್ದು 6. ಎರಡೂ ತುದಿಗೆ ಎರಡೆರಡು ಇಂಚು, ನಡುವೆ ಎರಡು ಇಂಚು ಜಾಗ. ಅಳೆದು ಹೊಲಿಸಿದ ಹಾಗೆ ಕೂರುತ್ತದೆ. ಕಿಂಗ್ ಮಂಚದಲ್ಲಿ 18 ಇಂಚು ಉಳಿಯುತ್ತದೆ. ಖಾಲಿ ಕಾಣುತ್ತದೆ ಅಂತ ಮೂರನೆಯ ದಿಂಬು ತುರುಕಿದರೆ 81 ಆಗಿ ಮಂಚ ದಾಟುತ್ತದೆ. ಅದಕ್ಕೆ ಕಿಂಗ್ ಮಂಚ ಇರುವವರು ಹಿಂದೆ ಎರಡೇ ಇಟ್ಟು, ಮುಂದೆ 20 ಇಂಚಿನ ಚೌಕ ಕುಶನ್ ಮೂರು ಇಡಲಿ. ಅಲ್ಲಿಗೆ 60 ಇಂಚು ಮುಚ್ಚುತ್ತದೆ, ಖಾಲಿ ಕಾಣೋದಿಲ್ಲ.

ಆದರೆ ಜೋಡಿಸುವ ಮಾತಿಗಿಂತ ಮೊದಲು ಮಲಗುವ ದಿಂಬು ಸರಿ ಇರಬೇಕು ಅಲ್ವಾ? ಎಂಟು ಕುಶನ್‌ಗೆ ದುಡ್ಡು ಹಾಕಿ, ತಲೆ ಇಡುವ ದಿಂಬು ಮಾತ್ರ ಮದುವೆ ಕಾಲದ್ದೇ ಇಟ್ಟುಕೊಂಡ ಮನೆಗಳನ್ನು ನೋಡಿದ್ದೇನೆ. ನೋಡಿದರೆ ಬೇಜಾರಾಗುತ್ತದೆ. ದಿನಾ ಬೆಳಿಗ್ಗೆ ಕುತ್ತಿಗೆ ಹಿಡ್ಕೊಂಡು ಏಳುವವರಿಗೆ ಮುಂದಿನ ಜರಿ ಕುಶನ್ ಏನು ಮಾಡೀತು?

ಮಗ್ಗುಲಾಗಿ ಮಲಗುವವರಿಗೆ ಎತ್ತರದ, ಸ್ವಲ್ಪ ಗಟ್ಟಿ ದಿಂಬು ಬೇಕು. ಭುಜಕ್ಕೂ ಕಿವಿಗೂ ನಡುವಿನ ಜಾಗ ತುಂಬಬೇಕು, ಇಲ್ಲದಿದ್ದರೆ ತಲೆ ಕೆಳಕ್ಕೆ ವಾಲುತ್ತದೆ. ಅಂಗಾತ ಮಲಗುವವರಿಗೆ ಮಧ್ಯಮ ಎತ್ತರ ಸಾಕು. ಬೋರಲು ಮಲಗುವವರಿಗೆ ತೀರಾ ತೆಳ್ಳಗಿನದು. ನಮ್ಮನೆಯವರು ಮಗ್ಗುಲಾಗಿ ಮಲಗುತ್ತಾರೆ, ನಾನು ಅಂಗಾತ. ಅಂದಮೇಲೆ ನಮ್ಮ ಮಂಚದ ಎರಡು ದಿಂಬು ಒಂದೇ ಎತ್ತರ ಇರಲು ಸಾಧ್ಯವೇ ಇಲ್ಲ. ನೋಡಲು ಒಂದೇ ಥರ ಇರಲಿ ಅಂತ ಇಬ್ಬರಿಗೂ ಒಂದೇ ಜೋಡಿ ತರೋದು ಬೇಡ. ಬೇರೆ ಬೇರೆಯೇ ತನ್ನಿ, ಗವಸು ಒಂದೇ ಥರ ಹಾಕಿ, ಗೋಡೆಗೆ ನಿಲ್ಲಿಸದೆ ಮಲಗಿಸಿ ಇಡಿ. ಮುಂದೆ ಒಂದೊಂದು ಚೌಕ ಕುಶನ್ ನಿಲ್ಲಿಸಿದರೆ ಎತ್ತರದ ವ್ಯತ್ಯಾಸ ಕಾಣಿಸೋದೇ ಇಲ್ಲ.

ಒಳಗೆ ಏನು ತುಂಬಿದೆ ಅನ್ನೋದನ್ನೂ ನೋಡಿ. ನಮ್ಮೂರ ಕಡೆ ಹತ್ತಿ ದಿಂಬು, ಬೂರುಗದ ಅರಳೆಯ ದಿಂಬು ಇದ್ದವು. ಬೂರುಗದ ಎಳೆ ಒಳಗೆ ಟೊಳ್ಳು, ಗಾಳಿ ತುಂಬಿರುತ್ತದೆ. ಅದಕ್ಕೇ ಆ ದಿಂಬು ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗೋದಿಲ್ಲ. ಬೇಸಿಗೆಯಲ್ಲಿ ಕಾಯಿ ಒಡೆದು ಅರಳೆ ಗಾಳಿಗೆ ಹಾರುವಾಗ ಹಿಡಿಯಲು ಓಡುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬಳು. ಹತ್ತಿ ದಿಂಬಾದರೆ ವರ್ಷ ಕಳೆದಂತೆ ಗಂಟು ಕಟ್ಟಿ ಕಲ್ಲಾಗುತ್ತದೆ. ಆಗ ಪಿಂಜಾರರು ಬಂದು, ಹೊಲಿಗೆ ಬಿಚ್ಚಿ, ಆ ದೊಡ್ಡ ಬಿಲ್ಲಿನ ತಂತಿ ಮೀಟಿ ಮೀಟಿ ಹತ್ತಿಯನ್ನು ಮತ್ತೆ ಹಗುರ ಮಾಡಿ ತುಂಬಿ ಕೊಡುತ್ತಿದ್ದರು. ಅಂಗಳದ ತುಂಬಾ ಹತ್ತಿ ಧೂಳು. ಈಗ ಆ ಕೆಲಸ ಮೆಷಿನ್ ಅಂಗಡಿಗಳಲ್ಲಿ ಆಗುತ್ತದೆ. ನಿಮ್ಮ ಊರಿನಲ್ಲಿ ಗಾದಿ ಹೊಲಿಯುವ ಅಂಗಡಿ ಇದ್ದರೆ ಹಳೆ ದಿಂಬು ಎಸೆಯುವ ಮೊದಲು ಒಮ್ಮೆ ಕೇಳಿ ನೋಡಿ. ಹತ್ತಿ, ಬೂರುಗದ್ದನ್ನು ನೀರಿಗೆ ಹಾಕಬೇಡಿ, ಬಿಸಿಲಿಗೆ ಹಾಕಿ. ಮೆಮೊರಿ ಫೋಮ್ ಮತ್ತು ಲ್ಯಾಟೆಕ್ಸ್‌ಗೆ ಬಿಸಿಲು ಆಗೋದಿಲ್ಲ, ನೆರಳಲ್ಲಿ ಗಾಳಿಗೆ ಬಿಡಬೇಕು. ಫೈಬರ್ ದಿಂಬು ಅಗ್ಗ, ಮೆಷಿನ್‌ನಲ್ಲಿ ಒಗೆಯಬಹುದು, ಆದರೆ ಬೇಗ ಕುಸಿಯುತ್ತದೆ. ಕುಸಿದಿದೆಯಾ ಅಂತ ನೋಡಲು ಅರ್ಧಕ್ಕೆ ಮಡಚಿ ಕೈ ಬಿಡಿ. ಹಾಗೇ ಮಡಚಿಕೊಂಡೇ ಇದ್ದರೆ ಅದರ ಕಥೆ ಮುಗಿಯಿತು.

ಈಗ ಜೋಡಿಸೋದು. ಮಲಗುವ ದಿಂಬು ಹಿಂದೆ, ಅಲಂಕಾರದ್ದು ಮುಂದೆ. ಕೆಲವರು ತಿರುಗಾಮುರುಗಾ ಇಡುತ್ತಾರೆ, ನನಗೆ ಅದು ಒಗ್ಗೋದಿಲ್ಲ. ಮುಂದಿನದು ತೆಗೆದರೆ ಹಾಸಿಗೆ ಮಲಗಲು ಸಿದ್ಧ ಇರಬೇಕು. ಜತೆಗೆ ರಸ್ತೆಯ ಧೂಳು ಇಡೀ ದಿನ ಮುಂದಿನ ಕುಶನ್ ಮೇಲೆ ಕೂರುತ್ತದೆ, ತಲೆ ಇಡುವ ದಿಂಬಿನ ಮೇಲೆ ಅಷ್ಟು ಕೂರೋದಿಲ್ಲ. ಗವಸಿನ ಬಾಯಿ ಬಾಗಿಲ ಕಡೆ ಬರಬಾರದು, ಅದರ ಎದುರು ದಿಕ್ಕಿಗೆ ತಿರುಗಿಸಿ. ನಮ್ಮ ಮನೆಯಲ್ಲಿ ಹಿಂದೆ ಎರಡು ದಿಂಬು, ಮುಂದೆ 18 ಇಂಚಿನ ಚೌಕ ಎರಡು, ಎಲ್ಲಕ್ಕೂ ಮುಂದೆ ನಡುವೆ 12 ಇಂಟು 18ರ ಪುಟ್ಟದೊಂದು. ಅಷ್ಟೇ. ಬೆಳಿಗ್ಗೆ ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯುವ ಕೆಲಸ.

ಕುಶನ್ ಒಳಗಿನದು ಗವಸಿಗಿಂತ ಎರಡು ಇಂಚು ದೊಡ್ಡದು ಇರಲಿ. 16ರ ಗವಸಿಗೆ 18ರದ್ದು ಹಾಕಿದರೆ ಮೂಲೆ ತುಂಬಿಕೊಂಡು ನಿಲ್ಲುತ್ತದೆ. ಸಮ ಅಳತೆ ಹಾಕಿದರೆ ತಿಂಗಳಲ್ಲೇ ಹಸಿದ ಹೊಟ್ಟೆ ಹಾಗೆ ಒಳಕ್ಕೆ ಹೋಗುತ್ತದೆ. ಕುಶನ್ ಮೇಲೆ ಕೈಯಿಂದ ಹೊಡೆದು ನಡುವೆ ಗುಂಡಿ ಮಾಡುವ ರೂಢಿ ಬಂದಿದೆ. ಪುಕ್ಕದ ದಿಂಬಿಗೆ ಅದು ನಿಲ್ಲುತ್ತದೆ. ನಮ್ಮ ಫೈಬರ್ ಕುಶನ್ ಎರಡು ನಿಮಿಷಕ್ಕೆ ಮತ್ತೆ ಉಬ್ಬುತ್ತದೆ, ಸುಮ್ನೆ ಕೈನೋವು.

ಮಂಚಕ್ಕೆ ತಲೆಹಲಗೆ ಇಲ್ಲದಿದ್ದರೆ ಗೋಡೆಗೆ ಒಂದು ಲೋಡು ಇಡಿ. ತಲೆಗೆ ಎಣ್ಣೆ ಹಚ್ಚುವ ಮನೆಯಲ್ಲಿ ಬರೀ ಗೋಡೆಗೆ ಒರಗಿದರೆ ವರ್ಷದೊಳಗೆ ಅಲ್ಲೊಂದು ದೊಡ್ಡ ಕಲೆ ಬೀಳುತ್ತದೆ, ಬಣ್ಣ ಹೊಡೆದರೂ ಎಣ್ಣೆ ಮೇಲೇಳುತ್ತದೆ. ಲೋಡು ಗಟ್ಟಿ, ಬೆನ್ನು ಕೊಟ್ಟು ಪೇಪರ್ ಓದಬಹುದು. ಮೆತ್ತನೆ ಕುಶನ್ ನಾಲ್ಕು ಪೇರಿಸಿ ಒರಗಿದರೆ ಕುತ್ತಿಗೆ ಮುಂದಕ್ಕೆ ಬಾಗುತ್ತದೆ. ಮಲಗುವ ದಿಂಬಿಗೂ ಜಿಪ್ ಇರುವ ಒಳಗವಸು ಹಾಕಿ, ಅದರ ಮೇಲೆ ದಿನದ ಗವಸು. ಒಳಗವಸು ಇಲ್ಲದ ದಿಂಬನ್ನು ಒಮ್ಮೆ ಬಿಚ್ಚಿ ನೋಡಿ, ತಲೆ ಇಡುವ ಕಡೆ ಹಳದಿ ಕಲೆ ಕಾಣುತ್ತದೆ. ಗವಸು ವಾರಕ್ಕೊಮ್ಮೆ ಒಗೆಯಲೇಬೇಕು. ಧೂಳಿನ ಅಲರ್ಜಿ ಇರುವವರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಧೂಳಿನ ಹುಳ ಸಾಯೋದು ಆ ಬಿಸಿಗೆ.

ಇನ್ನೊಂದು ಮುಖ್ಯ. ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ದಿಂಬು, ಕುಶನ್ ಯಾವುದೂ ಬೇಡ. ಮಗು ಉರುಳಿ ಬೀಳದಿರಲಿ ಅಂತ ಸುತ್ತ ದಿಂಬಿನ ಕೋಟೆ ಕಟ್ಟುತ್ತೇವಲ್ಲ, ಅದೂ ಬೇಡ. ಮುಖ ಮುಚ್ಚಿ ಉಸಿರು ಕಟ್ಟುವ ಅಪಾಯ ಇರುತ್ತದೆ. ಮನೆಗೆ ಪುಟ್ಟ ಮಗು ಬರುತ್ತಿದೆ ಅಂದರೆ ಅಷ್ಟೂ ದಿನ ಮಂಚ ಬೋಳಾಗಿಯೇ ಇರಲಿ.

ಕೊನೆಗೆ ಬಟ್ಟೆ. ನನಗೆ ತುಂಬಾ ಇಷ್ಟದ ಭಾಗ. ಕುಶನ್ ಗವಸಿಗೆ ಹೊರಗಡೆ ಹುಡುಕಬೇಕಿಲ್ಲ, ಅವ್ವನ ಟ್ರಂಕು ತೆಗೆಯಿರಿ. ಹಳೆ ಇಳಕಲ್ ಸೀರೆ ಹರಿಯೋದು ಕೂತು ಎದ್ದು ಸವೆಯುವ ಒಡಲಲ್ಲಿ. ಸೆರಗು ಇನ್ನೂ ಗಟ್ಟಿ ಇರುತ್ತದೆ. ಆ ಕೆಂಪು ಸೆರಗಿನ ಮೇಲೆ ತೋಪು ತೆನೆ ಅನ್ನೋ ಬಿಳಿ ಚಿತ್ತಾರ ಬರುತ್ತದಲ್ಲ, ಅದು ಗವಸಿನ ನಡುವೆ ಬರುವ ಹಾಗೆ ಕತ್ತರಿಸಿದರೆ ಬೇರೆ ಯಾವ ಡಿಸೈನೂ ಬೇಕಿಲ್ಲ. ಸೆರಗು ಒಡಲು ಸೇರುವ ಕೊಂಡಿ ಇರುವ ಕಡೆ ಮಾತ್ರ ಬಿಟ್ಟು ಕತ್ತರಿಸಿ, ಹಳೆ ಸೀರೆಯಲ್ಲಿ ಅಲ್ಲಿ ಬಿಚ್ಚಿಕೊಳ್ಳುವುದು ಜಾಸ್ತಿ. ಒಳಗೆ ತೆಳು ಹತ್ತಿ ಬಟ್ಟೆಯ ಅಸ್ತರು ಕೊಡಲು ದರ್ಜಿಗೆ ಹೇಳಿ, ಇಲ್ಲದಿದ್ದರೆ ಕುಶನ್ ಒತ್ತಡಕ್ಕೆ ಹಳೆ ನೂಲು ಜಗ್ಗಿ ಹರಿಯುತ್ತದೆ. ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆ, ಪುಟ್ಟ ದಿಂಬಿಗೆ ಹೇಳಿ ಮಾಡಿಸಿದ್ದು. ಚಿತ್ತಾರ ಸಣ್ಣದು, ಹಾಗಾಗಿ 12 ಇಂಚಿನ ಜಾಗದಲ್ಲೂ ಪೂರ್ತಿ ಕಾಣುತ್ತದೆ. ಕಸೂತಿ ಹಾಕಿದ್ದಾದರೆ ಗವಂತಿ, ಮುರ್ಗಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಇರುತ್ತದೆ, ಒಳಗೆ ಗಂಟು ಇರೋದಿಲ್ಲ. ಅಷ್ಟು ಕಷ್ಟಪಟ್ಟು ಹಾಕಿದ್ದನ್ನು ಒಂದೇ ಇಟ್ಟು, ಸುತ್ತಲಿನದೆಲ್ಲಾ ಸಾದಾ ಬಣ್ಣ ಇಡಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಗುರುತು, ಅಂದರೆ ಅದು ಆ ಊರಿನದೇ ಅನ್ನೋ ಕಾನೂನಿನ ಮಾನ್ಯತೆ, ಸಿಕ್ಕಿದೆ. ಅದರ ಕನ್ನಡಿ, ಕವಡೆ ಸಂಜೆ ದೀಪಕ್ಕೆ ಮಿನುಗುತ್ತವೆ, ಆದರೆ ಕೆನ್ನೆಗೆ ಗೀರುತ್ತವೆ, ಕೂದಲು ಎಳೆಯುತ್ತವೆ. ಅದನ್ನು ಎಲ್ಲಕ್ಕೂ ಮುಂದೆಯೇ ಇಡಿ, ರಾತ್ರಿ ಮೊದಲು ತೆಗೆಯುವುದೂ ಅದೇ ಆಗಿರಲಿ.

ಇಳಕಲ್ ಸೆರಗಿನ ಕೆಂಪು ಬಣ್ಣ ಬಿಡಬಹುದು. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಕೈಯಿಂದಲೇ ಒಗೆಯಿರಿ, ಹಿಂಡದೆ ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಳಿ ಬೆಡ್‌ಶೀಟ್ ಜತೆ ಬಕೆಟ್‌ನಲ್ಲಿ ನೆನೆಹಾಕಬೇಡಿ.