ಫ್ರೀ ಬಸ್ಸು ಬಂತು, ಟಿಎ ಹೋಯ್ತು

ನಾನಿರೋ ಎನ್‌ಜಿಒ ಕೊಪ್ಪಳ ಜಿಲ್ಲೇಲಿ ಹೆಣ್ಮಕ್ಕಳ ಸಂಘ, ಮಕ್ಕಳ ಅಪೌಷ್ಟಿಕತೆ ಅಂತ ಕೆಲಸ ಮಾಡುತ್ತೆ, ಹೆಸರು ಬೇಡ ಬಿಡಿ. ಅವತ್ತು ನಮ್ಮ ಮೀಟಿಂಗಲ್ಲಿ ಎರಡು ಅಜೆಂಡಾ ಇತ್ತು, ಬೆಳಗ್ಗೆ ಸಮಾನತೆ ಪಾಲಿಸಿ, ಊಟ ಆದ್ಮೇಲೆ ಬಜೆಟ್. ಎರಡೂ ಒಂದೇ ದಿನ ಇಟ್ಟಿದ್ದು ಹೆಡ್ ಆಫೀಸಿನವರ ಓಡಾಟದ ಖರ್ಚು ಉಳೀಲಿ ಅಂತ, ಆದ್ರೆ ಹಂಗೆ ಇಟ್ಟಿದ್ದೇ ಒಳ್ಳೇದಾಯ್ತು ಅಂತ ನಂಗೆ ಈಗ ಅನ್ಸುತ್ತೆ.

ಬೆಳಗಿನದು ಚೆನ್ನಾಗೇ ನಡೀತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿದೆ, ಸಮಾನ ಅವಕಾಶದ ಪಾಲಿಸಿ ಸರ್ಕಾರಿ ಆಫೀಸಿಗೆ ಮಾತ್ರ ಅಲ್ಲ ನಮ್ಮಂಥವರಿಗೂ ಬೇಕು, 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರ್ಲೇಬೇಕು, ಎಲ್ಲಾ ಪಿಪಿಟಿಲಿ ಬಂತು, ಮುಕ್ಕಾಲು ಪಾಲು ಇಂಗ್ಲಿಷಲ್ಲೇ. ಫೀಲ್ಡಿನ ಅಕ್ಕಂದಿರು ಕೊನೆ ಸಾಲಲ್ಲಿ ಕೂತು ಎಲ್ಲರೂ ಚಪ್ಪಾಳೆ ಹೊಡೆದಾಗ ಅವರೂ ಹೊಡೆದ್ರು. ಪಾಲಿಸಿ ಪಾಸ್.

ಮಧ್ಯಾಹ್ನ ಬಜೆಟ್ ಶೀಟ್ ಹಂಚಿದ್ರು. ಅದ್ರಲ್ಲಿ ಮಹಿಳಾ ಕಾರ್ಯಕರ್ತೆಯರ ಟಿಎ, ಅಂದ್ರೆ ಓಡಾಟದ ಭತ್ಯೆ, ಅನ್ನೋ ಸಾಲಿನ ಮುಂದೆ ಸೊನ್ನೆ! ಯಾಕ್ರೀ ಅಂತ ಕೇಳಿದ್ರೆ ಅಕೌಂಟ್ಸಿನವರು ತುಂಬಾ ಸಹಜವಾಗಿ, ಶಕ್ತಿ ಯೋಜನೆ ಇದೆಯಲ್ಲ ಮೇಡಂ, 2023ರ ಜೂನ್‌ನಿಂದ ಹೆಣ್ಮಕ್ಕಳಿಗೆ ಬಸ್ಸು ಫ್ರೀ, ಕಂಡಕ್ಟರ್ ಕೊಡೋದೇ ಶೂನ್ಯ ಟಿಕೆಟ್, ಶೂನ್ಯ ಟಿಕೆಟ್ಟಿಗೆ ನಾನು ದುಡ್ಡು ಹೆಂಗೆ ಕೊಡ್ಲಿ, ಆಡಿಟರ್ ಕೇಳಲ್ವಾ ಅಂದ್ರು. ಅವರದ್ದು ಕೆಟ್ಟ ಬುದ್ಧಿ ಅಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಗಿ, ಆ ದೇಣಿಗೆಯಲ್ಲಿ ಆಡಳಿತದ ಖರ್ಚಿಗೆ ಮೊದಲಿದ್ದ 50 ಪರ್ಸೆಂಟ್ 20ಕ್ಕೆ ಇಳಿದಾಗಿಂದ ಪಾಪ ಎಲ್ಲಿ ಪೈಸೆ ಉಳಿಯುತ್ತೆ ಅಂತ ನೋಡ್ತಾನೇ ಇರ್ತಾರೆ. ಆದ್ರೆ ಫೀಲ್ಡ್ ಓಡಾಟ ಆಡಳಿತದ ಖರ್ಚೇ ಅಲ್ಲ, ಅದೇ ಕೆಲಸ, ಅದಕ್ಕೇ ಕತ್ತರಿ ಬಿದ್ದಿತ್ತು.

ಕೆಳಗಿನ ಸಾಲು ನೋಡಿ ನಂಗೆ ಇನ್ನೂ ಉರೀತು. ಗಂಡಸು ಕಾರ್ಯಕರ್ತರಿಗೆ ಬೈಕಿನ ಪೆಟ್ರೋಲು, ಕಿಲೋಮೀಟರ್ ಲೆಕ್ಕದಲ್ಲಿ, ಹೋದ ವರ್ಷಕ್ಕಿಂತ ಜಾಸ್ತಿ. ಅದೇ ಹಳ್ಳಿ, ಅದೇ ಕೆಲಸ.

ನಾನು ಬಾಯಿ ಬಿಡೋಕೆ ಮುಂಚೆ ಕೊನೆ ಸಾಲಿಂದ ಕುಷ್ಟಗಿ ಕಡೆಯ ಅಕ್ಕಾರು ಎದ್ದು ನಿಂತ್ರು. "ಸರ್ರ, ಬಸ್ಸು ಫ್ರೀ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಬಸ್ಸು ಕ್ರಾಸಿಗೆ ಬಿಟ್ಟು ಹೊಕ್ಕೈತ್ರಿ, ತಾಂಡಾಕ್ಕ ಬರಂಗಿಲ್ಲ. ಅಲ್ಲಿಂದ ಟಂಟಂ ಆಟೋ. ಟಂಟಂನಾಂವ ಬಿಲ್ ಕೊಡ್ತಾನೇನ್ರಿ?" ಅಂದ್ರು. ಯಾರೋ ನಕ್ಕರು, ಅವರು ನಗಲಿಲ್ಲ. ಹೆಣ್ಮಕ್ಕಳು ಹಗಲು ಕೂಲಿಗೆ ಹೋಗಿರ್ತಾರೆ, ಸಂಘದ ಮೀಟಿಂಗ್ ಶುರು ಆಗೋದೇ ದೀಪ ಹಚ್ಚೋ ಹೊತ್ತಿಗೆ, ಮುಗಿಯೋ ಹೊತ್ತಿಗೆ ಕೊನೆ ಬಸ್ಸು ಹೋಗಿರುತ್ತೆ, ಆಮೇಲೆ ಒಂದೋ ಇಡೀ ಟಂಟಂಗೆ ಕೈಯಿಂದ ದುಡ್ಡು ಕೊಡ್ಬೇಕು, ಇಲ್ಲಾಂದ್ರೆ ಯಾರದ್ದಾದ್ರೂ ಮನೇಲಿ ಮಲಗಬೇಕು ಅಂತ ವಿವರಿಸಿದ್ರು. ಕತ್ತಲಲ್ಲಿ ಒಬ್ಬಳೇ ಟಂಟಂ ಹತ್ತೋದು ಅಂದ್ರೇನು ಅಂತ ಬಾಯಿಬಿಟ್ಟು ಹೇಳಲಿಲ್ಲ, ಬೆಳಗ್ಗೆ ಆಂತರಿಕ ಸಮಿತಿ ಬಗ್ಗೆ ಮಾತಾಡಿದವರಿಗೆ ಅದನ್ನೂ ಬಿಡಿಸಿ ಹೇಳ್ಬೇಕಾ?

ಅದಾದ್ಮೇಲೆ ಎರಡು ಕಾಲಿಗೂ ಪೋಲಿಯೋ ಆಗಿರೋ ನಮ್ಮ ಸಹೋದ್ಯೋಗಿಯೊಬ್ರು, ಅಕ್ಕಾರು ಮಾತಾಡಿದ್ದಕ್ಕೆ ಧೈರ್ಯ ಬಂತೇನೋ, ನನ್ನ ಗಾಡಿಗೆ ಹಿಂದೆ ಎರಡು ಗಾಲಿ ಜೋಡಿಸಿದೀನಿ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ರೇಟು ಮಾತ್ರ ಎಲ್ಲರಿಗೂ ಒಂದೇ ಹಾಕಿದೀರಿ ಅಂದ್ರು. ಡೈರೆಕ್ಟರ್ ಸರ್, ಎಲ್ಲರಿಗೂ ಒಂದೇ ರೇಟು ಅಂದ್ರೆ ಅದೇ ಸಮಾನತೆ ಅಲ್ವೇನಪ್ಪಾ ಅಂತ ನಿಜವಾಗ್ಲೂ ಅರ್ಥ ಆಗದೆ ಕೇಳಿದ್ರು. ರೂಮಲ್ಲಿ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ, ಪಿಪಿಟಿ ಮಾಡಿದ ಮೇಡಂ ಕೂಡ.

ಸಂಜೆವರೆಗೂ ಎಳೆದಾಟ. ಕೊನೆಗೆ ಆಗಿದ್ದು ಇಷ್ಟು: ಕಾರ್ಯಕರ್ತೆಯರಿಗೆ ತಿಂಗಳಿಗೆ ಒಂದು ಫಿಕ್ಸ್ ಮೊತ್ತ, ಬಿಲ್ ಬೇಡ, ಹೋದ ಊರು ತಾರೀಕು ಬರೆದು ಸಹಿ ಹಾಕಿದ ವೋಚರ್ ಸಾಕು. ರಾತ್ರಿ ಉಳಿದ್ರೆ ಬೇರೆ ದುಡ್ಡು. ಗಾಲಿ ಜೋಡಿಸಿದ ಗಾಡಿಯ ರೇಟು ಮಾತ್ರ ಮುಂದಿನ ಮೀಟಿಂಗಿಗೆ ಹೋಯ್ತು, ಇದು ನಂಗೆ ಇಷ್ಟ ಆಗ್ಲಿಲ್ಲ, ಆದ್ರೆ ಅವತ್ತು ಅಷ್ಟೇ ಗಿಟ್ಟಿದ್ದು.

ಮಿನಿಟ್ಸ್ ಬರೀತಾ ಇದ್ದವಳು ನಾನೇ ಆದ್ದರಿಂದ, ಇನ್ಮೇಲೆ ಬಜೆಟ್ ಕರಡು ಮಾಡುವಾಗ್ಲೇ ಇಬ್ಬರು ಫೀಲ್ಡ್ ಕಾರ್ಯಕರ್ತೆಯರು ಇರ್ಬೇಕು, ಮಾತು ಕನ್ನಡದಲ್ಲೇ ನಡೀಬೇಕು ಅಂತ ಒಂದು ಪಾಯಿಂಟ್ ಎತ್ತಿ, ಎಲ್ಲರ ಹತ್ರ ಹೂಂ ಅನ್ನಿಸಿ ಬರ್ಕೊಂಡೆ. ಅಕೌಂಟ್ಸಿನವರು ಓದಿ ಸಹಿ ಹಾಕಿದ್ರು. ಆಮೇಲೆ ಪೆನ್ನು ಮುಚ್ಚಿಟ್ಟು, "ಮೇಡಂ, ಆ ಇಬ್ಬರು ಮೀಟಿಂಗಿಗೆ ಬರೋ ಖರ್ಚು ಯಾವ ಹೆಡ್ಡಿಗೆ ಹಾಕ್ಲಿ?" ಅಂದ್ರು.